ಎಂಟನೇ ತರಗತಿ ಸೆಕ್ಷನ್ ಬದಲಾವಣೆ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿಯಲ್ಲಿ ಅಂಕ ನೋಡಿ ಎ, ಬಿ, ಸಿ ಎಂದು ಮಕ್ಕಳನ್ನು ವಿಂಗಡಿಸುವುದನ್ನು ಈ ವರ್ಷದಿಂದ ನಿಲ್ಲಿಸಿದ್ದೇವೆ. ಮೂರೂ ಸೆಕ್ಷನ್‌ಗಳಲ್ಲಿ ಎಲ್ಲ ತರದ ಮಕ್ಕಳೂ ಇರುತ್ತಾರೆ. ಇದು ಬೇಡ ಎಂದು ನಿಮ್ಮಲ್ಲಿ 34 ಜನ ಸಹಿ ಹಾಕಿ ಮನವಿ ಕೊಟ್ಟಿದ್ದೀರಿ. ಹೋದ ಶನಿವಾರ ನನ್ನ ಕೊಠಡಿಗೂ ಬಂದಿದ್ದಿರಿ. ಅವತ್ತು ಗಲಾಟೆಯಲ್ಲಿ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಇದೆ, ದಯವಿಟ್ಟು ಕೊನೆವರೆಗೂ ಓದಿ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಅಂಗಡಿ, ಹೊಲ, ಡ್ಯೂಟಿ ಎಲ್ಲ ಮುಗಿಸಿ ಬಂದು ರಾತ್ರಿ ಮಗುವಿನ ಪಕ್ಕ ಕೂರುವವರು ನೀವು. "ನಮ್ಮ ಹುಡುಗಿ ಹಿಂದೆ ಬಿದ್ದರೆ?" ಎಂದು ಕೇಳುವ ಹಕ್ಕು ನಿಮಗಿದೆ. ಪಾಠ ನಿಧಾನ ಆಗುವುದಿಲ್ಲ. ಈ ಮಾತನ್ನು ಕೆಳಗೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕೇಳಿದ್ದು ಅದನ್ನೇ.

ಶನಿವಾರ ಒಬ್ಬರು ಹೇಳಿದರು: "ಹುಟ್ಟುಗುಣ ಸುಟ್ಟರೂ ಹೋಗಲ್ಲ ಮೇಡಂ. ಬುದ್ಧಿ ರಕ್ತದಲ್ಲೇ ಬರಬೇಕು." ತುಂಬಾ ಜನ ತಲೆಯಾಡಿಸಿದಿರಿ. ಅದೇ ಮನವಿಯ ಎರಡನೇ ಪುಟದಲ್ಲಿ ಸಹವಾಸ ದೋಷದ ಭಯವೂ ಇದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿ. ಎಲ್ಲವೂ ರಕ್ತದಲ್ಲೇ ಬರುವುದಾದರೆ ಸಹವಾಸಕ್ಕೆ ನಾವು ಹೆದರಬೇಕಾಗಿಲ್ಲ. ಸಹವಾಸ ಮಗುವನ್ನು ಕೆಡಿಸಬಲ್ಲದು ಎಂದಾದರೆ, ಬೆಳೆಸಲೂ ಬಲ್ಲದು ಅಲ್ವಾ?

ಹುಟ್ಟಿನಿಂದ ಏನೂ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತದೆ. 26 ವರ್ಷ ಪಾಠ ಮಾಡಿದವಳು ನಾನು, ಇಬ್ಬರು ಮಕ್ಕಳು ಒಂದೇ ತರ ಇದ್ದದ್ದನ್ನು ನೋಡಿಲ್ಲ. 1979ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹುಡುಕಿ ಪರೀಕ್ಷಿಸಲು ಶುರುಮಾಡಿದರು. ತದ್ರೂಪಿ ಅವಳಿಗಳ ಬುದ್ಧಿ ಪರೀಕ್ಷೆಯ ಅಂಕಗಳು ತುಂಬಾ ಹತ್ತಿರ ಹತ್ತಿರ ಬಂದವು. 2015ರಲ್ಲಿ 50 ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ, ಬುದ್ಧಿ ಮಾತ್ರವಲ್ಲ, ಅಳೆದ ಎಲ್ಲ ಗುಣಗಳನ್ನೂ ಸೇರಿಸಿ, ಜನರ ನಡುವಿನ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸರಾಸರಿ ಶೇ. 49 ಎಂದು ಬಂತು. ಆದರೆ ಇದು ಗುಂಪಿನ ಲೆಕ್ಕ. ನಿಮ್ಮ ಮಗಳಲ್ಲಿ ಅರ್ಧ ರಕ್ತದ್ದು, ಇನ್ನರ್ಧ ಶಾಲೆಯದ್ದು ಎಂದು ಯಾರೂ ಬಿಡಿಸಿ ತೋರಿಸಲಾರರು.

ನಮ್ಮ ತವರಿನ ಹೊಲ ಜಗಳೂರು ಕಡೆ, ಮಳೆ ನಂಬಿದ್ದು. ಅಣ್ಣ ಮೆಕ್ಕೆಜೋಳ ಹಾಕುತ್ತಾನೆ. ಮಳೆ ಕೈಕೊಟ್ಟ ವರ್ಷ ದುಬಾರಿ ಬೀಜವೂ ಮೊಣಕಾಲೆತ್ತರ, ಸಾದಾ ಬೀಜವೂ ಮೊಣಕಾಲೆತ್ತರ. ಯಾವ ಬೀಜ ಒಳ್ಳೆಯದು ಎಂಬುದು ಆ ವರ್ಷ ಗೊತ್ತೇ ಆಗುವುದಿಲ್ಲ. ಮಕ್ಕಳಲ್ಲೂ ಇಂಥದ್ದು ಕಂಡಿದೆ. ಅಮೆರಿಕದಲ್ಲಿ ಏಳು ವರ್ಷದ ಅವಳಿಗಳ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅನುಕೂಲಸ್ಥರ ಮನೆಗಳಲ್ಲಿ ಹುಟ್ಟಿನ ಪಾಲು ದೊಡ್ಡದಾಗಿ ಕಂಡಿತು. ಕಡುಬಡವರ ಮನೆಗಳಲ್ಲಿ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ. ಯುರೋಪಿನಲ್ಲಿ ಇದು ಅಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ಅದನ್ನು ಓದಿದ ಮೇಲೆ ನಾನು ನಮ್ಮ ದಾಖಲಾತಿ ಪುಸ್ತಕ ತೆಗೆದೆ. ಹಳೆಯ ಸಿ ಸೆಕ್ಷನ್ ಮಕ್ಕಳ ಹೆಸರಿನ ಮುಂದೆ ತಂದೆ ತಾಯಿಯ ಉದ್ಯೋಗದ ಕಾಲಂ ನೋಡುತ್ತಾ ಹೋದೆ. ಮಂಡಕ್ಕಿ ಭಟ್ಟಿ, ಹಮಾಲಿ, ಮನೆಕೆಲಸ, ಮತ್ತೆ ಮಂಡಕ್ಕಿ ಭಟ್ಟಿ. ನಾವು ವರ್ಷಗಟ್ಟಲೆ ವಿಂಗಡಿಸುತ್ತಿದ್ದದ್ದು ಬುದ್ಧಿಯನ್ನೋ, ಮನೆಯನ್ನೋ? ಅವತ್ತು ಆ ಪುಸ್ತಕ ಮುಚ್ಚುವಾಗ ನನಗೆ ನಾಚಿಕೆಯಾಯಿತು.

ಈ ತಪ್ಪು ಹಳೆಯದು. ಚಾರ್ಲ್ಸ್ ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು, ವಿಜ್ಞಾನಿಗಳ ವಂಶಾವಳಿ ಜೋಡಿಸಿ, ಪ್ರತಿಭೆ ರಕ್ತದಲ್ಲಿ ಹರಿದು ಬರುತ್ತದೆ ಎಂದರು. ಆದರೆ ಆ ನ್ಯಾಯಾಧೀಶರ ಮಕ್ಕಳಿಗೆ ಅಪ್ಪನ ರಕ್ತ ಮಾತ್ರ ಸಿಕ್ಕಿರಲಿಲ್ಲ. ಅಪ್ಪನ ಪುಸ್ತಕ, ಅಪ್ಪನ ದುಡ್ಡು, ಅಪ್ಪನ ಪರಿಚಯ ಎಲ್ಲವೂ ಸಿಕ್ಕಿತ್ತು.

ಇನ್ನು ನಮ್ಮ ಶಾಲೆಯದೇ ಒಂದು ವಿಷಯ. ತಾಯಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ನಮ್ಮಲ್ಲಿ ತದ್ರೂಪಿ ಅವಳಿ ಹುಡುಗಿಯರಿದ್ದರು. ರಕ್ತ ಒಂದೇ, ಮನೆ ಒಂದೇ, ತಿಂದ ಊಟ ಒಂದೇ. ಏಳನೇ ತರಗತಿಯ ಪರೀಕ್ಷೆಯಲ್ಲಿ ಇಬ್ಬರ ನಡುವೆ ಐದು ಅಂಕದ ಅಂತರ ಬಂತು. ನಮ್ಮ ಗಡಿ ಸರಿಯಾಗಿ ಅವರಿಬ್ಬರ ಮಧ್ಯೆ ಬಿತ್ತು. ಒಬ್ಬಳು ಎ, ಇನ್ನೊಬ್ಬಳು ಬಿ. ಮುಂದಿನ ವರ್ಷ ನಾನು ಬಿ ಸೆಕ್ಷನ್‌ಗೆ ಗಣಿತಕ್ಕೆ ಹೋದಾಗ ಆ ಹುಡುಗಿಯ ನೋಟ್‌ಬುಕ್ ನೋಡಿದೆ. ಲೆಕ್ಕ ಸರಿಯಾಗಿ ಮಾಡಿ, ಉತ್ತರ ಬರೆದು, ಆಮೇಲೆ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗಿತ್ತು. ಕೆಳಗಿನ ಅಂಕಿಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. "ಸರಿ ಇತ್ತಲ್ಲಮ್ಮ, ಯಾಕೆ ಅಳಿಸಿದೆ?" ಎಂದೆ. "ಇದು ಎ ಸೆಕ್ಷನ್‌ನವರ ಲೆಕ್ಕ ಅಲ್ವಾ ಮಿಸ್, ನಂದು ತಪ್ಪೇ ಇರುತ್ತೆ ಅಂದ್ಕೊಂಡೆ" ಎಂದಳು. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಐದು ಅಂಕದ ಅಂತರ ಮೂರು ಪಟ್ಟು ಆಗಿತ್ತು. ಒಂದು ಜೋಡಿಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಆ ತೂತು ಹಾಳೆ ಮಾಡಿದ್ದು ಯಾವ ರಕ್ತವೂ ಅಲ್ಲ, ನಮ್ಮ ಬೋರ್ಡಿನ ಮೇಲಿದ್ದ ಒಂದು ಅಕ್ಷರ.

ಆದ್ದರಿಂದ ಈ ನಿರ್ಧಾರ ಬದಲಾಗುವುದಿಲ್ಲ. ಸೆಕ್ಷನ್ ಬದಲಿಸಿಕೊಡಿ ಎಂಬ ಅರ್ಜಿಗಳನ್ನು ತೆಗೆದುಕೊಳ್ಳುವುದಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ. ಪಾಠ ನಿಧಾನ ಆಗುವುದಿಲ್ಲ. ಬೇಗ ಮುಗಿಸುವ ಮಕ್ಕಳಿಗೆ ಕಷ್ಟದ ಲೆಕ್ಕಗಳು ಬೇರೆ ಇರುತ್ತವೆ. ಮಂಗಳವಾರ ಮತ್ತು ಗುರುವಾರ ಸಂಜೆ ಒಂದು ಗಂಟೆ ಹೆಚ್ಚಿನ ಗಣಿತ ತರಗತಿ ಇದೆ, ಅದಕ್ಕೆ ಯಾವ ಸೆಕ್ಷನ್ ಮಕ್ಕಳಾದರೂ ಬರಬಹುದು. ಅರ್ಧವಾರ್ಷಿಕ ಪರೀಕ್ಷೆ ಆದ ಮೇಲೆ ಹೋದ ವರ್ಷದ ಅಂಕ, ಈ ವರ್ಷದ ಅಂಕ ಎರಡನ್ನೂ ಪಕ್ಕಪಕ್ಕ ಇಟ್ಟು ನಿಮಗೆ ತೋರಿಸುತ್ತೇನೆ. ನಿಮ್ಮ ಮಗು ಹಿಂದೆ ಬಿದ್ದಿದ್ದರೆ ಬನ್ನಿ, ಕೂತು ಮಾತಾಡೋಣ. ಬೇರೆ ಯಾರ ಮಗುವಿನ ಮೇಲೂ ತಪ್ಪು ಹೊರಿಸದೆ ಮಾತಾಡೋಣ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮಕ್ಕಳ ಎದುರಿಗೆ "ಲೆಕ್ಕ ನಮ್ಮ ವಂಶಕ್ಕೇ ಬರಲ್ಲ" ಎಂದು ಹೇಳಬೇಡಿ.

ಪತ್ರದ ಕೆಳಗಿನ ಚೀಟಿಗೆ ಸಹಿ ಹಾಕಿ ಸೋಮವಾರ ಮಗುವಿನ ಕೈಯಲ್ಲಿ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ದಾವಣಗೆರೆ