ಈ ವಾರದ ಆಲ್ಬಂ: ಕ್ಲೋಸ್ ಟು ದಿ ಎಡ್ಜ್

ಎಲ್ಲರಿಗೂ ನಮಸ್ಕಾರ. ಈ ವಾರ ಬ್ರಿಟಿಷ್ ರಾಕ್ ತಂಡ ಯೆಸ್‌ನ 1972ರ ಆಲ್ಬಂ ಕೇಳೋಣ. ಇರೋದು ಮೂರೇ ಹಾಡು. ಶೀರ್ಷಿಕೆ ಹಾಡೊಂದೇ ರೆಕಾರ್ಡಿನ ಒಂದು ಬದಿ ಪೂರ್ತಿ, ಹದಿನೆಂಟು ನಿಮಿಷಕ್ಕೂ ಹೆಚ್ಚು. ದಯವಿಟ್ಟು ಮಧ್ಯದಲ್ಲಿ ನಿಲ್ಲಿಸಬೇಡಿ.

ಶುರುವಿನ ಹಕ್ಕಿ ದನಿ, ನೀರಿನ ಸದ್ದು ಕೇಳಿ ಇಡೀ ಹಾಡು ಹೀಗೇ ತಣ್ಣಗಿರುತ್ತೆ ಅಂದುಕೊಂಡರೆ ಕೆಟ್ಟಿರಿ. ಸ್ಟೀವ್ ಹೋವ್ ಗಿಟಾರ್ ಒಮ್ಮೆಲೇ ಮೇಲೆ ಬೀಳುತ್ತೆ. ಮುಂದೆ ಹಾಡು ನಿಧಾನವಾದಾಗ ರಿಕ್ ವೇಕ್‌ಮನ್ ನುಡಿಸುವ ಆರ್ಗನ್ ಗಮನಿಸಿ. ಅದು ಲಂಡನ್ನಿನ ಚರ್ಚೊಂದರ ನಿಜವಾದ ಪೈಪ್ ಆರ್ಗನ್. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ.

ಇಷ್ಟುದ್ದದ ಹಾಡನ್ನು ಒಂದೇ ಉಸಿರಿಗೆ ನುಡಿಸಿದ್ದಲ್ಲ. ತುಣುಕು ತುಣುಕಾಗಿ ಧ್ವನಿಮುದ್ರಿಸಿ, ಸೌಂಡ್ ಎಂಜಿನಿಯರ್ ಎಡ್ಡಿ ಆಫರ್ಡ್ ಟೇಪ್ ಕತ್ತರಿಸಿ ಅಂಟಿಸಿದ್ದು. ಬೆಸುಗೆ ಎಲ್ಲಿ ಅಂತ ಯಾರಿಗಾದರೂ ಕಿವಿಗೆ ಸಿಕ್ಕರೆ ನಿಮಿಷ, ಸೆಕೆಂಡ್ ಸಮೇತ ಬರೆಯಿರಿ.

ಒಂದು ವಿನಂತಿ: ಯಾವ ಆವೃತ್ತಿ ಕೇಳಿದ್ರಿ ಅಂತ ಮೊದಲೇ ಹೇಳಿ. ಸ್ಟೀವನ್ ವಿಲ್ಸನ್ 2013ರಲ್ಲಿ ಮಾಡಿದ್ದು ರೀಮಿಕ್ಸ್, ಅಂದರೆ ವಾದ್ಯ, ದನಿಗಳು ಬೇರೆ ಬೇರೆಯಾಗಿ ದಾಖಲಾದ ಮೂಲ ಮಲ್ಟಿಟ್ರ್ಯಾಕ್ ಟೇಪುಗಳಿಂದ ಹೊಸದಾಗಿ ಹದ ಮಾಡಿದ್ದು. ರೀಮಾಸ್ಟರ್ ಬೇರೆ, ಅಲ್ಲಿ ಹಳೆಯ ಮಿಕ್ಸನ್ನೇ ತಿದ್ದಿರುತ್ತಾರೆ. ಇದು ಗೊತ್ತಾಗದೆ "ಬಾಸ್ ಕೇಳ್ತಿಲ್ಲ", "ಕೇಳ್ತಿದೆಯಲ್ಲ" ಅಂತ ಜಗಳ ಆಡೋದು ಬೇಡ. (ಕ್ರಿಸ್ ಸ್ಕ್ವೈರ್ ಬಾಸ್ ಗಿಟಾರ್ ಕೇಳಿಸದಿದ್ದರೆ ನಿಮ್ಮ ಸ್ಪೀಕರ್ ನೋಡಿಕೊಳ್ಳಿ!)

ಧ್ವನಿಮುದ್ರಣ ಮುಗಿಸಿದ ಡ್ರಮ್ಮರ್ ಬಿಲ್ ಬ್ರೂಫರ್ಡ್ ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೊರಟುಹೋದರು. ಅದು ಸರಿಯಾದ ನಿರ್ಧಾರವೇ ಅಂತ ನನ್ನ ವಾದ. ಆ ತಂಡದ 1974ರ 'ರೆಡ್' ಆಲ್ಬಂ ಕೇಳಿದವರು ಒಪ್ಪಬಹುದು. ಯೆಸ್‌ನಲ್ಲಿ ಅವರ ಜಾಗಕ್ಕೆ ಬಂದ ಅಲನ್ ವೈಟ್ ಅಭಿಮಾನಿಗಳು ಭಾನುವಾರ ಉತ್ತರ ಕೊಡಿ, ಚರ್ಚೆ ಅಂದೇ. ಹಾಡಿನ ಫೈಲ್ ಮಾತ್ರ ಇಲ್ಲಿ ಹಾಕಬೇಡಿ.