ವಿದ್ಯಾಗೆ ಕಾಕಾನ ಪತ್ರ

ವಿದ್ಯಾ,

ನಿನ್ನ ಪತ್ರ ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಧಾರವಾಡದ ರೂಮು, ಖರ್ಚು, ನಿಮ್ಮಪ್ಪನ ಸಿಟ್ಟು, ಅದೆಲ್ಲ ಗೊತ್ತಿರೋದೇ ಬಿಡು. ಆದರೆ "ಸಸ್ಯಶಾಸ್ತ್ರದವರು ನನ್ನ ಫೋಟೊ ನೋಡಿ ಇದು ಕಲೆ ಅಂತಾರೆ, ಕಲೆಯವರು ಇದು ಪಾಠದ ಚಿತ್ರ ಅಂತಾರೆ, ನಾನು ಎಲ್ಲೂ ಸಲ್ಲದವಳಾಗಿಬಿಡ್ತೀನೇನೋ ಕಾಕಾ" ಅಂತ ಬರೆದಿದ್ದೀಯಲ್ಲ, ಆ ಮಾತು ಎದೆಗೆ ನಾಟಿತು.

ನೀನು ಕಳಿಸಿದ ಗೌರಿ ಹೂವಿನ ಫೋಟೊ ಮತ್ತೆ ತೆಗೆದು ನೋಡಿದೆ. ದಳಗಳು ಹಿಂದಕ್ಕೆ ಬಾಗಿ ಮೇಲೆದ್ದಿವೆ, ಬುಡ ಹಳದಿ, ಮೇಲೆ ಕೆಂಪು. ಶಲಾಕೆ, ಅಂದರೆ ಅಂಡಾಶಯದ ತುದಿಯ ಎಳೆ, ಬುಡದಲ್ಲೇ ಪಕ್ಕಕ್ಕೆ ತಿರುಗಿದೆ. ಎಲೆಯ ತುದಿ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದಿದೆ. ಗಿಡದ ಬಗ್ಗೆ ಓದದವರು ಆ ಶಲಾಕೆ ಕಾಣುವ ಕಡೆಯಿಂದ ಕ್ಯಾಮೆರಾ ಹಿಡೀತಿರಲಿಲ್ಲ. ಬರೀ ಓದಿಕೊಂಡವರು ಬೆಳಕಿಗಾಗಿ ಅಷ್ಟು ಹೊತ್ತು ಕಾಯ್ತಿರಲಿಲ್ಲ. ಎಲ್ಲೂ ಸಲ್ಲದವಳ ಕೆಲಸ ಹೀಗಿರುತ್ತಾ?

ನಾನು ಬಿಎಸ್ಸಿ ಓದುವಾಗ ರೆಕಾರ್ಡ್ ಬುಕ್ಕಿನಲ್ಲಿ ಹೂವಿಗೆ ಬಣ್ಣ ತುಂಬಿದ್ದೆ. ಸರ್ ಅದನ್ನು ಎತ್ತಿ ಹಿಡಿದು, ಇದು ಡ್ರಾಯಿಂಗ್ ಕ್ಲಾಸಲ್ಲ ಅಂದರು. ಎಲ್ಲರೂ ನಕ್ಕರು. ಮನೆಯಲ್ಲಿ ಬಣ್ಣಕ್ಕೆ ದುಡ್ಡೂ ಇರಲಿಲ್ಲ, ಅಲ್ಲಿಗೆ ಮುಗಿಯಿತು. ಆಮೇಲೆ ಮಾಸ್ತರಿಕೆ ಸೇರಿ ಹುಡುಗರನ್ನು ಕಪ್ಪತಗುಡ್ಡಕ್ಕೆ ಕರ್ಕೊಂಡು ಹೋಗಿ, ಗಿಡ ತಂದು ಪೇಪರಿನ ನಡುವೆ ಒತ್ತಿ ಒಣಗಿಸಿದ್ದೇ ಒಣಗಿಸಿದ್ದು. ಒಣಗಿದ ಮೇಲೆ ಎಲ್ಲ ಹೂವೂ ಕಂದು. ಅವುಗಳ ಬಣ್ಣ ನನ್ನ ನೆನಪಲ್ಲಿ ಮಾತ್ರ ಇತ್ತು, ಈಗ ಅದೂ ಮಸುಕಾಗಿದೆ. ಅದಕ್ಕೇ ನಿನ್ನ ಮಾತು ಓದಿ ಇಷ್ಟು ಸಂಕಟ.

ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ನಿನಗೆ ಗೊತ್ತಲ್ವಾ. ಜಾನ್ ಹರ್ಶೆಲ್ 1842ರಲ್ಲಿ ಸೈನೋಟೈಪ್ ಅನ್ನೋ, ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸೋ ವಿಧಾನ ಕಂಡುಹಿಡಿದರು. ಮರುವರ್ಷವೇ ಆಕೆ ಕಡಲ ಪಾಚಿಯನ್ನು ಕಾಗದದ ಮೇಲಿಟ್ಟು, ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದು ಮೂಡಿಸಿದ ಚಿತ್ರಗಳನ್ನು ಹೊರತರೋಕೆ ಶುರು ಮಾಡಿದರು. ನೀಲಿ ನೆಲದ ಮೇಲೆ ಬಿಳಿ ಪಾಚಿ. ಅಷ್ಟು ಸಣ್ಣದನ್ನು ಕೈಯಲ್ಲಿ ಸರಿಯಾಗಿ ಬಿಡಿಸೋದು ಕಷ್ಟ ಅಂತಲೇ ಆ ದಾರಿ ಹಿಡಿದದ್ದು. ಶಾಸ್ತ್ರಕ್ಕೆ ಅಂತ ಮಾಡಿದ್ದನ್ನು ಇವತ್ತು ಕಲೆಯ ಮ್ಯೂಸಿಯಂಗಳೂ ಜೋಪಾನ ಮಾಡಿವೆ. ನಿನ್ನನ್ನೂ ಹೀಗೇ ಎರಡೂ ಕಡೆಯವರು ತಮ್ಮವಳು ಅಂತ ಕರೆಯುತ್ತಾರೆ ಅಂತ ಭರವಸೆ ಕೊಡೋಕೆ ನನ್ನಿಂದಾಗಲ್ಲ. ಆದರೆ ಆ ಭಯಕ್ಕೆ ಒಂದು ಕಡೆಯನ್ನು ಬಿಟ್ಟುಬಿಡಬೇಡ ಕೂಸೆ.

ಕ್ಯಾಮೆರಾ ನನಗೆ ಬರಲ್ಲ, ಆದರೂ ಹೇಳ್ತೀನಿ. ಒಂದು ಫೋಟೊದಲ್ಲಾದರೂ ಪಕ್ಕದಲ್ಲಿ ಅಳತೆಪಟ್ಟಿ ಇಡು. ಎಲೆಯ ಹಿಂಬದಿಯನ್ನೂ, ಸಿಕ್ಕರೆ ಕಾಯನ್ನೂ ತೆಗೆ. ಜಾಗ, ತಾರೀಕು ಬರೆದಿಡು. ಇದೆಲ್ಲ ನೀನು ಮಾಡ್ತಾನೇ ಇರಬಹುದು.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ನಾವು ತರುತ್ತಿದ್ದ ಹಾಗೆ ಈಗ ಗಿಡ ಕಿತ್ತು ತರೋ ಹಾಗಿಲ್ಲ. ಅಲ್ಲಿಗೆ ಬೇಕಿರೋದು ನಿನ್ನಂಥವಳೇ. ಮಳೆ ಹಿಡಿದ ಮೇಲೆ ಬಾ, ಗೌರಿ ಹೂವು ಬಿಡುವ ಹೊತ್ತಿಗೆ. ಅರಣ್ಯ ಇಲಾಖೆಯ ಅನುಮತಿಗೆ ಅರ್ಜಿ ನಾನೇ ಬರೆದು ಕೊಡ್ತೀನಿ, ಯಾವ ವಾರ ಬರ್ತೀಯ ಅಂತ ಮೊದಲೇ ತಿಳಿಸು.

ನಿನ್ನ ಕಾಕಾ
ಗದಗ