ಸೀನನಿಗೆ, ನಡುಮನೆಯ ಬೆಳಕಿನ ಬಗ್ಗೆ

ಪ್ರೀತಿಯ ಸೀನ,

ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಕಿಟಕಿಯಿಲ್ಲದ ನಡುಮನೆಗೆ ಮಾಡಿನಿಂದ ಕೊಳವೆ ಇಳಿಸಿದೆಯಲ್ಲ, ನಿಜವಾಗ್ಲೂ ಬೆಳಕು ಬರುತ್ತಾ?" ಬರುತ್ತೆ ಕಣೋ ಅಂದೆ. ಅಷ್ಟರಲ್ಲಿ ನಿನಗೆ ಇನ್ನೊಂದು ಕರೆ ಬಂತು, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಬರೆಯುವುದಕ್ಕೆ ಕಾರಣ ಇದೆ. ಹಗಲಲ್ಲೂ ಲೈಟ್ ಹಾಕಿಕೊಂಡು ಕೂರುವ ಮನೆಗಳು ನಿನ್ನದು, ನನ್ನದು ಎರಡೇ ಅಲ್ಲ. ಬೇಕಾದವರು ಓದಿಕೊಳ್ಳಲಿ.

ವಸ್ತು ತುಂಬಾ ಸರಳ. ಮಾಡಿನ ಮೇಲೆ ಒಂದು ಪಾರದರ್ಶಕ ಗುಮ್ಮಟ, ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟಿನದು. ಅದರ ಕೆಳಗೆ ಒಳಮೈ ಫಳಫಳ ಹೊಳೆಯುವ ಲೋಹದ ಕೊಳವೆ. ಕೊಳವೆ ಮುಗಿಯುವಲ್ಲಿ, ಕೋಣೆಯ ಸೀಲಿಂಗಿನಲ್ಲಿ, ಬೆಳಕನ್ನು ನಾಲ್ಕೂ ಕಡೆ ಹರಡುವ ಒಂದು ಮಬ್ಬು ಬಿಲ್ಲೆ. ವೈರ್ ಇಲ್ಲ, ಮೋಟರ್ ಇಲ್ಲ. ಮೇಲೆ ಬಿದ್ದ ಬೆಳಕು ಕೊಳವೆಯ ಗೋಡೆಗೆ ಬಡಿದು ಬಡಿದು ಕೆಳಗಿಳಿಯುತ್ತದೆ, ಅಷ್ಟೇ.

ಯೋಚನೆ ಹಳೆಯದು. 19ನೇ ಶತಮಾನದ ಲಂಡನ್ನಿನಲ್ಲಿ ಪಾಲ್ ಎಮಿಲ್ ಶಾಪ್ವಿ ಎಂಬಾತ ಕತ್ತಲ ಕೋಣೆಗಳಿಗೆ ಆಕಾಶದ ಬೆಳಕನ್ನು ತಿರುಗಿಸುವ ಓರೆ ಕನ್ನಡಿಗಳನ್ನು ಮಾಡಿ ಮಾರುತ್ತಿದ್ದ. ಈಗ ಸಿಗುವ ರೀತಿಯ ಕೊಳವೆ 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿತು. ಆದರೆ ಈ ಸಾಲಿನಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ಬ್ರೆಜಿಲಿನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್. 2002ರಲ್ಲಿ, ಕರೆಂಟು ಪದೇ ಪದೇ ಹೋಗುತ್ತಿದ್ದ ಕಾಲದಲ್ಲಿ, ಅವನು 2 ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿದ. ಪಾಚಿ ಕಟ್ಟದಿರಲಿ ಅಂತ ಎರಡು ಮುಚ್ಚಳ ಬ್ಲೀಚ್ ಹಾಕಿದ. ಮಾಡಿಗೆ ತೂತು ಕೊರೆದು, ಬಾಟಲಿಯನ್ನು ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿಸಿದ. ಒಳ್ಳೆ ಬಿಸಿಲಿದ್ದರೆ 40ರಿಂದ 60 ವಾಟಿನ ಹಳೇ ಬಲ್ಬಿನಷ್ಟು ಬೆಳಕು ಬಂತು. ಆಮೇಲೆ ಫಿಲಿಪೀನ್ಸಿನಲ್ಲಿ ಸಾವಿರಾರು ಮನೆಗಳಿಗೆ ಇದೇ ಬಾಟಲಿ ಬೆಳಕು ಹೋಯಿತು. ತೆಳು ತಗಡಿನ ಮಾಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತಲೇ ನನ್ನ ಅಭಿಪ್ರಾಯ. ನಡುವೆ ಅಟ್ಟ ಇರುವ ನನ್ನ ಮನೆಗೆ, ದಪ್ಪ ಸ್ಲ್ಯಾಬಿನ ನಿನ್ನ ಮನೆಗೆ ಬಾಟಲಿ ಎಟುಕುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಲೆಕ್ಕದ ಉತ್ತರ. ನೆತ್ತಿಯ ಮೇಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಲಕ್ಸ್ ಅಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕು, ಲ್ಯೂಮೆನ್ ಅಂದರೆ ಒಟ್ಟು ಬೆಳಕು. ನನ್ನ ಕೊಳವೆ 25 ಸೆಂಟಿಮೀಟರ್ ಅಗಲದ್ದು. ಅದರ ಬಾಯಿಗೆ ಬೀಳುವುದು 5,000 ಲ್ಯೂಮೆನ್ನಿನ ಹತ್ತಿರ. 9 ವಾಟಿನ ಒಂದು ಎಲ್‌ಇಡಿ ಬಲ್ಬು ಕೊಡುವುದು 800-900. ದಾರಿಯಲ್ಲಿ ಅರ್ಧ ಸೋರಿಹೋಯಿತು ಅಂದುಕೊಂಡರೂ ಮೂರು ಬಲ್ಬಿನಷ್ಟು ಬೆಳಕು ಕೋಣೆಗೆ ಇಳಿಯಿತು. 35 ಸೆಂಟಿಮೀಟರಿನದು ಹಾಕಿಸಿದರೆ ಸುಮಾರು ಎರಡರಷ್ಟು. ಆದರೆ ದಟ್ಟ ಮೋಡದ ದಿನ ಹೊರಗೆ 10,000 ಲಕ್ಸ್ ಅಷ್ಟೇ ಇದ್ದರೆ ನನ್ನ ಕೊಳವೆಯ ಬಾಯಿಗೆ ಬೀಳುವುದೇ 500 ಲ್ಯೂಮೆನ್. ಅವತ್ತು ಲೈಟ್ ಹಾಕಿಕೊಳ್ಳಲೇಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾರುವವರು ಹೇಳುವುದಿಲ್ಲ.

ಅವರು ಇನ್ನೊಂದು ವಿಷಯವನ್ನೂ ಕೇಳಿದರಷ್ಟೇ ಹೇಳುತ್ತಾರೆ. ಒಳಮೈ ಎಷ್ಟು ಪ್ರತಿಫಲಿಸುತ್ತದೆ ಅಂತ ಕೇಳು. 95 ಪರ್ಸೆಂಟ್ ಅಂದರೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಬೆಳಕು ಒಂದೇ ಸಲ ಬಡಿಯುವುದಿಲ್ಲ. ಒಂದೂವರೆ ಮೀಟರ್ ಉದ್ದದ ನನ್ನ ಕೊಳವೆಯಲ್ಲಿ, ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿದ್ದಾಗ, ಸುಮಾರು 10 ಸಲ ಬಡಿಯುತ್ತದೆ. ಪ್ರತಿ ಸಲ 5 ಪರ್ಸೆಂಟ್ ಕಳೆಯುತ್ತಾ ಹೋದರೆ ಕೊನೆಗೆ ಉಳಿಯುವುದು 60. ಒಳಮೈ 98 ಪರ್ಸೆಂಟಿನದಾದರೆ 82 ಉಳಿಯುತ್ತದೆ. 99.7 ಪರ್ಸೆಂಟಿನ ಫಿಲ್ಮ್ ಅಂಟಿಸಿದ ಕೊಳವೆಗಳೂ ಸಿಗುತ್ತವೆ, ಅದರಲ್ಲಿ 97. ಡಬ್ಬದ ಮೇಲೆ ಚಿಕ್ಕದಾಗಿ ಕಾಣುವ ವ್ಯತ್ಯಾಸ ಕೋಣೆಯಲ್ಲಿ ಎದ್ದು ಕಾಣುತ್ತದೆ. ಅಕಾರ್ಡಿಯನ್ ಥರ ಮಡಚುವ ಕೊಳವೆಯ ಹತ್ತಿರಕ್ಕೂ ಹೋಗಬೇಡ. ಜೋಡಿಸುವುದು ಸುಲಭ, ಆದರೆ ಸುಕ್ಕು ಸುಕ್ಕಿನಲ್ಲೂ ಬೆಳಕು ಸಿಕ್ಕಿಕೊಳ್ಳುತ್ತದೆ. ನೆಟ್ಟಗೆ, ಗಿಡ್ಡಗೆ, ಅಗಲಕ್ಕೆ ಇದ್ದಷ್ಟೂ ಒಳ್ಳೆಯದು. ಮೊಣಕೈ ತಿರುವು ಹಾಕಲೇಬೇಕಾದರೆ ಒಂದು ಸಾಕು.

ಅಟ್ಟದಲ್ಲಿ ಕೊಳವೆ ಕೂರಿಸಿದ ದಿನದ್ದು ಹೇಳಲೇಬೇಕು. ಒಳಮೈಗೆ ಗೀರು ಬೀಳದಿರಲಿ ಅಂತ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಬಟ್ಟೆಯ ಕೈಗವಸು ಹಾಕಿಕೊಂಡೇ ಅದನ್ನು ಕೀಳಬೇಕು, ಬರಿಗೈ ತಾಗಿದರೆ ಬೆರಳಿನ ಗುರುತು ಅಲ್ಲೇ ಉಳಿಯುತ್ತದೆ. ತುದಿ ಹಿಡಿದು ಎಳೆದೆ. ಚರ್ ಅಂತ ಸದ್ದು ಮಾಡುತ್ತಾ ಬಂತು, ಬಂದದ್ದು ನನ್ನ ತೋಳಿಗೆ ಅಂಟಿಕೊಂಡಿತು. ಬಗ್ಗಿ ಒಳಗೆ ನೋಡಿದರೆ ತೊಳೆದಿಟ್ಟ ಸ್ಟೀಲ್ ಲೋಟದೊಳಗೆ ಇಣುಕಿದ ಹಾಗಿತ್ತು. ನನ್ನದೇ ಮುಖ ಉದ್ದಕ್ಕೆ ಎಳೆದುಕೊಂಡು ಸುತ್ತಲೂ ನಿಂತಿತ್ತು. ಮೇಲಿನ ತೂತಿಗೆ ಮುಚ್ಚಿದ್ದ ಟಾರ್ಪಾಲನ್ನು ಸರಿಸಿದ್ದೇ ತಡ, ಅಟ್ಟದ ಮೂಲೆ ಮೂಲೆಯ ಜೇಡರಬಲೆಯೂ ಕಂಡಿತು. ಅಷ್ಟು ವರ್ಷ ಆ ಮನೆಯಲ್ಲಿದ್ದೂ ಅಟ್ಟದ ತೊಲೆಗಳ ಮರದ ಬಣ್ಣ ನಾನು ನೋಡಿರಲಿಲ್ಲ, ಸೀನ. ಒಂದು ಎಚ್ಚರಿಕೆ: ಬಿಚ್ಚಿದ ಕೊಳವೆಯನ್ನು ಬಿಸಿಲಿನಲ್ಲಿ ಸುಮ್ನೆ ಬಿಟ್ಟು ಹೋಗಬೇಡ. ಬಾಗಿದ ಕನ್ನಡಿ ಅದು, ಬಿಸಿಲನ್ನು ಒಂದು ಕಡೆ ಒಟ್ಟು ಮಾಡಿ ಹತ್ತಿರ ಇದ್ದದ್ದನ್ನು ಸುಟ್ಟೀತು.

ನನ್ನದು ಹಂಚಿನ ಮಾಡು, ಕೆಲಸ ಸಲೀಸು. ಗುಮ್ಮಟದ ಕೆಳಗಿನ ತಗಡಿನ ಪಟ್ಟಿ ಮೇಲಿನ ಸಾಲಿನ ಹಂಚಿನ ಅಡಿಗೆ ಹೋಗಬೇಕು, ಕೆಳಗಿನ ಸಾಲಿನ ಹಂಚಿನ ಮೇಲೆ ಕೂರಬೇಕು. ಆಗ ನೀರು ತಾನಾಗಿ ಹರಿದುಹೋಗುತ್ತದೆ. ಸಂದಿಗೆ ಸೀಲೆಂಟ್ ಅಂಟು ಬಳಿದರೆ ಸಾಕು ಅನ್ನುವವರನ್ನು ಮಾಡಿಗೆ ಹತ್ತಿಸಬೇಡ. ನಿನ್ನ ಸ್ಲ್ಯಾಬಿನದು ಬೇರೆ ಕತೆ. ಅಲ್ಲಿ ವಜ್ರದ ಬಿಟ್ಟಿನಿಂದ ಕೋರ್ ಕಟಿಂಗ್, ಅಂದರೆ ಕಾಂಕ್ರೀಟನ್ನು ಗುಂಡಗೆ ಕೊರೆದು ತೆಗೆಯುವ ಕೆಲಸ, ಮಾಡಿಸಬೇಕು. ಅದಕ್ಕೂ ಮೊದಲು ಮನೆಯ ನಕ್ಷೆ ಹುಡುಕಿ ತೆಗೆ. ಬೀಮ್ ಎಲ್ಲಿದೆ, ಕಂಬಿ ಎಲ್ಲಿ ಹಾದಿದೆ ಅಂತ ಗೊತ್ತಿರುವ ಇಂಜಿನಿಯರ್ ಬಂದು ಗುರುತು ಹಾಕಿದ ಜಾಗದಲ್ಲೇ ತೂತು. ಸುತ್ತ 15 ಸೆಂಟಿಮೀಟರಾದರೂ ಎತ್ತರದ ಕಟ್ಟೆ ಕಟ್ಟಿಸಿ, ಅದರ ನೆತ್ತಿಯವರೆಗೂ ವಾಟರ್‌ಪ್ರೂಫಿಂಗ್ ಹತ್ತಿಸಬೇಕು. ಇಲ್ಲಿ ದುಡ್ಡು ಉಳಿಸಲು ಹೋಗಬೇಡ.

ಸೆಕೆ ಜಾಸ್ತಿ ಆಗುತ್ತಾ ಅಂತ ನಿನ್ನ ಮನೆಯವರು ಕೇಳುತ್ತಾರೆ. ಬಿಸಿಲು ನೇರ ನೆಲಕ್ಕೆ ಬೀಳುವ ದೊಡ್ಡ ಗಾಜಿನ ಮಾಡಿಗೆ ಹೋಲಿಸಿದರೆ ಇದರದ್ದು ಏನೂ ಅಲ್ಲ. ಬಾಯಿ ಚಿಕ್ಕದು, ಎರಡೂ ತುದಿ ಮುಚ್ಚಿರುತ್ತದೆ. ಅಟ್ಟದಲ್ಲಿ ಹಾದುಹೋಗುವ ಭಾಗಕ್ಕೆ ಶಾಖ ತಡೆಯುವ ಹೊದಿಕೆ ಸುತ್ತಿಸಿದರೆ ಮುಗಿಯಿತು.

ಇಷ್ಟೆಲ್ಲ ಆದಮೇಲೆ ಆ ನಡುಮನೆ ಹೇಗಿದೆ ಗೊತ್ತಾ? ಮಧ್ಯಾಹ್ನ ನನ್ನ ಮೇಜಿನ ಮೇಲೆ ಕರಡು ಹರಡಿಕೊಂಡು ಕೂತಿದ್ದರೆ, ಒಂದು ಮೋಡ ಹಾದುಹೋದದ್ದು ಕಾಗದದ ಮೇಲೆ ತಿಳಿಯುತ್ತದೆ. ಅಕ್ಷರ ಮೆಲ್ಲಗೆ ಮಂಕಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ಪೆನ್ನಿನ ನೆರಳು ಮಾಯವಾಗಿ ಮತ್ತೆ ಬರುತ್ತದೆ. ಒಂದೂ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಮೋಡ ನೋಡುವುದು ಎಂಥ ಸುಖ ಅಂತ ನಿನಗೆ ಹೇಗೆ ಹೇಳಲಿ.

ಕಷ್ಟ ಇರುವುದು ಸಂಜೆ. ಸೂರ್ಯ ಇಳಿದು ದಿಗಂತದಿಂದ 10 ಡಿಗ್ರಿಗೆ ಬಂದಾಗ ಬೆಳಕು ತುಂಬಾ ಓರೆಯಾಗಿ ಒಳಗೆ ಬರುತ್ತದೆ, 30ಕ್ಕೂ ಹೆಚ್ಚು ಸಲ ಗೋಡೆಗೆ ಬಡಿಯುತ್ತದೆ. ನನ್ನ 98 ಪರ್ಸೆಂಟಿನ ಕೊಳವೆಯಲ್ಲೂ ಅರ್ಧ ಅಲ್ಲೇ ಕರಗುತ್ತದೆ. ಹಾಗಾಗಿ ಬೀದಿಗಿಂತ ಸ್ವಲ್ಪ ಮೊದಲೇ ನನ್ನ ನಡುಮನೆಗೆ ಸಂಜೆಯಾಗುತ್ತದೆ. ಬಿಲ್ಲೆ ಮೊದಲು ಹಳದಿಯಾಗುತ್ತದೆ, ಆಮೇಲೆ ಬೂದು.

ಮೊದಲು ಹೀಗಿರಲಿಲ್ಲ. ಟ್ಯೂಬ್‌ಲೈಟಿನ ಅಡಿಯಲ್ಲಿ ಬೆಳಗಿನ ಹನ್ನೊಂದೂ ಒಂದೇ, ರಾತ್ರಿ ಒಂಬತ್ತೂ ಒಂದೇ. ಕೂತರೆ ಕೂತೆ. ಹಗಲು ರಾತ್ರಿಯನ್ನು ದೇಹಕ್ಕೆ ತಿಳಿಸುವುದಕ್ಕೆಂದೇ ಕಣ್ಣಿನ ಪರದೆಯಲ್ಲಿ ಬೇರೆ ಜೀವಕೋಶಗಳಿವೆ ಅಂತ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ನನ್ನವು ಎಷ್ಟೋ ಕಾಲ ಸುದ್ದಿ ಇಲ್ಲದೆ ಕೂತಿದ್ದವು. ಈಗ ಅವಕ್ಕೆ ದಿನಾ ಸುದ್ದಿ ಮುಟ್ಟುತ್ತಿದೆ. ಐದೂವರೆ ಹೊತ್ತಿಗೆ ಕೈ ತಾನಾಗಿ ನಿಲ್ಲುತ್ತದೆ. ತಲೆ ಎತ್ತುತ್ತೇನೆ. ಎದ್ದು ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ. ಎಲ್ಲಿಗೆ ಅಂತ ತೋಚುವುದಿಲ್ಲ.

ಆ ಹೊತ್ತು ನಿನ್ನದು, ಸೀನ. ಆಫೀಸು ಬಿಟ್ಟು ಗೇಟಿನ ಹತ್ತಿರ ನೀನು ಕಾಯುತ್ತಿದ್ದೆ, ಇಬ್ಬರೂ ನಡೆದುಕೊಂಡು ಬರುತ್ತಿದ್ದೆವು. ಮುಖ್ಯವಾದ ಮಾತು ಯಾವತ್ತೂ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ನೀನು ವರ್ಗವಾಗಿ ಹೋದೆ, ನಾನು ಮನೆಯಿಂದಲೇ ಕೆಲಸ ಮಾಡತೊಡಗಿದೆ. ಕೆಲಸ ಜಾಸ್ತಿ, ಪುರುಸೊತ್ತಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಅಷ್ಟೇನೂ ಕೆಲಸ ಇರಲಿಲ್ಲ. ಆ ಕೋಣೆಯಲ್ಲಿ ಸಂಜೆ ಆಗುತ್ತಿರಲಿಲ್ಲ, ಅದಕ್ಕೇ ಅಲ್ಲಿ ಕೂರುತ್ತಿದ್ದೆ. ಅದು ನನಗೆ ಗೊತ್ತಾದದ್ದು ಮಾಡಿಗೆ ತೂತು ಮಾಡಿಸಿದ ಮೇಲೆ.

ಕೊಳವೆಯೊಳಗೆ ಕೂರಿಸುವ ತಿರುಗು ಮುಚ್ಚಳ ಸಿಗುತ್ತದೆ, ಮಲಗುವ ಕೋಣೆಗಳಿಗೆ ಅಂತ ಮಾಡಿದ್ದು. ಒಂದು ಗುಂಡಿ ಒತ್ತಿದರೆ ಬೆಳಕು ನಿಲ್ಲುತ್ತದೆ. ಅದನ್ನು ತರಿಸೋಣ, ಐದು ಗಂಟೆಗೇ ಮುಚ್ಚಿ ಲೈಟ್ ಹಾಕಿಕೊಂಡರೆ ಮುಗಿಯಿತಲ್ಲ ಅಂತ ಯೋಚಿಸಿದ್ದೆ. ತರಿಸಲಿಲ್ಲ. ಈಗ ಬಿಲ್ಲೆ ಬೂದಾಗುವಾಗ ಅದರ ಕೆಳಗೇ ಕೂತಿರುತ್ತೇನೆ. ಕೆಲವು ದಿನ ಗಂಟಲು ಕಟ್ಟುತ್ತದೆ. ಕೆಲವು ದಿನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತೇನೆ, ಒಂದು ಸುತ್ತು ಹಾಕಿ ಬರುತ್ತೇನೆ. ಕತ್ತಲಾಗುವುದನ್ನು ನೋಡುವುದು ರೂಢಿಯಾಗುತ್ತಿದೆ.

ಸರಿ, ಸಾಕು. ಇದನ್ನೆಲ್ಲ ಬರೆಯಲು ಕೂತಿರಲಿಲ್ಲ. ಓದುತ್ತಿರುವವರು ಮಾಡು ಸೋರದ ಹಾಗೆ ತೂತು ಮಾಡುವುದು ಹೇಗೆ ಅಂತ ತಿಳಿಯಲು ಬಂದವರು, ಪಾಪ, ಅವರನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋದೆ. ನೀನು ಕೂಡ ಇದನ್ನು ಓದಿ ತಕ್ಷಣ ಫೋನ್ ಮಾಡಿ "ಏನೋ, ಹುಷಾರಾಗಿದ್ದೀಯಾ" ಅಂತ ಆ ದನಿಯಲ್ಲಿ ಕೇಳಬೇಡ. ಹುಷಾರಾಗಿದ್ದೇನೆ. ಬೇಕಿದ್ದರೆ ಐದೂವರೆಗೆ ಮಾಡು, ಸ್ಲ್ಯಾಬಿನ ವಿಷಯ ಮಾತಾಡೋಣ.

ಅಷ್ಟರೊಳಗೆ ನೀನು ಮಾಡಬೇಕಾದ್ದು ಕೇಳು. ಸ್ಲ್ಯಾಬ್ ಎಷ್ಟು ದಪ್ಪ ಇದೆ, ಫಾಲ್ಸ್ ಸೀಲಿಂಗಿಗೂ ಅದಕ್ಕೂ ನಡುವೆ ಎಷ್ಟು ಜಾಗ ಇದೆ ಅಂತ ಅಳೆದು ಬರೆದಿಡು. ಗುಮ್ಮಟ ತೆಗೆದುಕೊಳ್ಳುವಾಗ ಓರೆ ಬಿಸಿಲನ್ನು ಹಿಡಿದು ಕೆಳಗೆ ತಿರುಗಿಸುವ ಗೆರೆಗಳಿರುವುದನ್ನೇ ಕೇಳು. ನಿನ್ನ ಕೋಣೆಗೆ ಬೆಳಗ್ಗೆ, ಸಂಜೆ ಇನ್ನಷ್ಟು ಹೊತ್ತು ಬೆಳಕು ಸಿಗುತ್ತದೆ. ಬಿಸಿಲಿರುವ ದಿನ ತಾರಸಿಗೆ ಹತ್ತಿ ಬೆಳಗ್ಗೆ ಒಂಬತ್ತಕ್ಕೊಂದು, ಮಧ್ಯಾಹ್ನ ಹನ್ನೆರಡಕ್ಕೊಂದು, ನಾಲ್ಕಕ್ಕೊಂದು ಫೋಟೊ ತೆಗೆದು ಕಳಿಸು. ನೀರಿನ ಟ್ಯಾಂಕಿನ ನೆರಳು ಎಲ್ಲಿಯವರೆಗೆ ಚಾಚುತ್ತದೆ ಅಂತ ಕಾಣಬೇಕು. ಆ ನೆರಳು ಬೀಳದ ಜಾಗ ಹುಡುಕಿಕೊಂಡ ಮೇಲೇ ಇಂಜಿನಿಯರನ್ನು ಕರೆಸು.

ಇಂತಿ ನಿನ್ನ,
ಮೂರನೇ ಬೆಂಚು